ಬಿಳಿ ಪಟ್ಟಿಯ ತಾರೀಖು

"ಅಷ್ಟೊತ್ತು ಏನ್ ನೋಡಾಕತ್ತೀರಿ ಹಂಪಣ್ಣಾರ? ಹಾವು ಗೀವು ಐತೇನು ಒಳಗ?"

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೊಣಕಾಲೂರಿ ಕೂತಿದ್ದ ಹಂಪಣ್ಣ ಇನ್ನಷ್ಟು ಬಗ್ಗಿದ. ಲಿಂಗಸುಗೂರಿನ ಆ ಕಣ್ಣಿನ ದವಾಖಾನೆಯ ಕಾಂಪೌಂಡರ್ ದಾವಲ್‌ಸಾಬ್ ಹೊರಗೆ ನಿಂತು ಮೊಬೈಲಿನ ಬೆಳಕನ್ನು ಇನ್ನಷ್ಟು ಒಳಗೆ ತಿರುಗಿಸಿದ. ಮುರಿದ ಕುರ್ಚಿ, ಖಾಲಿ ಔಷಧಿ ಡಬ್ಬಿಗಳು, ಅವುಗಳ ನಡುವೆ ಧೂಳು ಹಿಡಿದು ಕೂತ ಹಳೆಯ ಯುಪಿಎಸ್. ಅದರ ಬೆನ್ನಿನಿಂದ ಇಳಿದಿದ್ದ ಬೂದು ಬಣ್ಣದ ತೆಳ್ಳನೆಯ ಕೇಬಲ್ಲಿನ ತುದಿ ಹಂಪಣ್ಣನ ಅಂಗೈಯಲ್ಲಿತ್ತು. ತುದಿಗೆ ಬಿಳಿ ಪಟ್ಟಿ ಸುತ್ತಿತ್ತು. ಪಟ್ಟಿಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ತಾರೀಖು ಬರೆದಿತ್ತು: ೧೪-೬.

ಹಂಪಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಅರ್ಧ ತಾಸಿನ ಹಿಂದೆ ಡಾಕ್ಟರ್ ಲಕ್ಷ್ಮಿದೇವಿ ತಮ್ಮ ಕೈಯಾರೆ ಏರಿಸಿದ ಹೊಸ ಕನ್ನಡಕ ಅದು. ಪೊರೆ ತೆಗೆಸಿದ ಮೇಲೆ ಮೊದಲ ಸಲ ಸಣ್ಣ ಅಕ್ಷರ ಕಾಣುತ್ತಿದ್ದವು. ಆ ಖುಷಿಯಲ್ಲೇ ಅವನು, ಹಳೇ ಯುಪಿಎಸ್‌ನಲ್ಲಿ ಕೆಲಸಕ್ಕೆ ಬರುವ ಸಾಮಾನು ಏನಾದರೂ ಇದ್ದರೆ ಬಿಚ್ಚಿಕೊಂಡು ಹೋಗಲೇ ಎಂದು ಡಾಕ್ಟರನ್ನು ಕೇಳಿ ಇಲ್ಲಿಗೆ ಬಂದಿದ್ದ. ಈಗ ಆ ಖುಷಿ ಎಲ್ಲಿ ಹೋಯಿತೋ. ತಾರೀಖು ಮತ್ತೆ ಓದಿದ. ಅದೇ ಹದಿನಾಲ್ಕು, ಅದೇ ಆರು, ಬಾಲ ಮೇಲಕ್ಕೆತ್ತಿ ಬರೆದ ಆರು.

"ಏನಿಲ್ಲ ದಾವಲ್‌ಸಾಬ್. ನಂದ ಕೇಬಲ್. ಬಿಚ್ಚಿಕೊಂಡು ಒಯ್ತೀನಿ," ಎಂದ. ದನಿ ತನ್ನದಲ್ಲವೆಂಬಂತೆ ಕೇಳಿಸಿತು.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಹಂಪಣ್ಣ ಇಪ್ಪತ್ತಾರು ವರ್ಷದಿಂದ ಬ್ಯಾಟರಿ, ಯುಪಿಎಸ್ ಕೆಲಸ ಮಾಡಿಕೊಂಡು ಬಂದವನು. ಅಕ್ಕಿ ಗಿರಣಿಯಿರಲಿ, ಬೀಜದಂಗಡಿಯಿರಲಿ, ದವಾಖಾನೆಯಿರಲಿ, ಎಲ್ಲಿ ಯುಪಿಎಸ್ ಕೂರಿಸಿದರೂ ಈ ತೆಳ್ಳನೆಯ ಕೇಬಲ್ ಹಾಕದೆ ಬಂದವನಲ್ಲ. ಬೇರೆಯವರು ಅದನ್ನು ಡಬ್ಬದಲ್ಲೇ ಬಿಟ್ಟು ಹೋಗುತ್ತಾರೆ. ಅದು ಕರೆಂಟ್ ಒಯ್ಯುವ ಕೇಬಲ್ ಅಲ್ಲ, ಸುದ್ದಿ ಒಯ್ಯುವುದು. ಕರೆಂಟ್ ಹೋಗಿ ಬ್ಯಾಟರಿ ತೀರುತ್ತ ಬಂದಾಗ ಯುಪಿಎಸ್ ಅದರ ಮೂಲಕ ಕಂಪ್ಯೂಟರಿಗೆ ಹೇಳಿ ಕಳಿಸುತ್ತದೆ. ಕಂಪ್ಯೂಟರ್ ಬರೆಯುತ್ತಿದ್ದುದನ್ನು ಬರೆದು ಮುಗಿಸಿ, ಎಲ್ಲವನ್ನೂ ಜೋಪಾನವಾಗಿಟ್ಟು, ತಾನಾಗಿಯೇ ಬಂದ್ ಆಗುತ್ತದೆ. ಆ ಕೇಬಲ್ ಇಲ್ಲದಿದ್ದರೆ ಅದಕ್ಕೆ ಏನೂ ತಿಳಿಯದು. ಬರೆಯುತ್ತ ಬರೆಯುತ್ತಲೇ ಒಮ್ಮೆಗೇ ಪ್ರಾಣ ಬಿಡುತ್ತದೆ.

ಕೇಬಲ್ ಹಾಕಿ, ಕಂಪ್ಯೂಟರಿನಲ್ಲಿ ಇಷ್ಟು ಬ್ಯಾಟರಿ ಉಳಿದಾಗ ಬಂದ್ ಆಗು ಎಂದು ಹೇಳಿಟ್ಟರೆ ಹಂಪಣ್ಣನ ಕೆಲಸ ಮುಗಿಯುತ್ತಿರಲಿಲ್ಲ. ಟ್ರಯಲ್ ಆಗಬೇಕು. ಮಾಲೀಕನನ್ನು ಎದುರಿಗೆ ಕೂರಿಸಿ, ಗೋಡೆಯಿಂದ ಯುಪಿಎಸ್ಸಿನ ಪಿನ್ ಕಿತ್ತು, ಕಂಪ್ಯೂಟರ್ ತಾನೇ ಬಂದ್ ಆಗುವವರೆಗೆ ಯಾರೂ ತುಟಿ ಪಿಟಕ್ಕೆನ್ನದೆ ನೋಡುತ್ತಿರಬೇಕು. ಮಾತಿಗೆ ಬಿದ್ದರೆ ಆ ಗಳಿಗೆ ತಪ್ಪಿಹೋಗುತ್ತದೆ, ಕಣ್ಣಾರೆ ಕಾಣದ್ದನ್ನು ನಾಳೆ ಯಾರೂ ನಂಬುವುದಿಲ್ಲ ಎನ್ನುವುದು ಅವನ ವಾದ. ಗಿರಣಿ ಸಾಹುಕಾರರೂ ಕೈಕಟ್ಟಿ ಕೂರುತ್ತಿದ್ದರು. "ಹಂಪಣ್ಣನ ಮೌನವ್ರತ ಶುರುವಾತು" ಎಂದು ನಗುತ್ತಿದ್ದರು, ಅದೂ ಮನಸ್ಸಿನಲ್ಲೇ. ಪರದೆ ಕಪ್ಪಾದ ಮೇಲೆ ಹಂಪಣ್ಣ ಒಂದೇ ಮಾತು ಹೇಳುತ್ತಿದ್ದ: "ಪಾಸ್."

ಇನ್ನೊಂದು ಪದ್ಧತಿಯಿತ್ತು. ತೆಗೆದ ವೈರಿನ ತುದಿಯನ್ನು ಬರಿದೆ ಬಿಡಬಾರದು. ಬಿಳಿ ಪಟ್ಟಿ ಸುತ್ತಿ, ತೆಗೆದ ತಾರೀಖನ್ನು ಬರೆಯಬೇಕು, ಅದೂ ಕನ್ನಡ ಅಂಕಿಯಲ್ಲಿ. ಈ ಮೂರು ತಾಲೂಕಿನಲ್ಲಿ ಹೀಗೆ ಬರೆಯುವವರು ಇಬ್ಬರೇ. ಒಬ್ಬ ಹಂಪಣ್ಣ. ಇನ್ನೊಬ್ಬ ಅವನು ಹನ್ನೆರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಸಂತೆಕಲ್ಲೂರಿನ ಆಂಜನೇಯ, ಈಗ ಮಸ್ಕಿಯಲ್ಲಿ ಸ್ವಂತ ಅಂಗಡಿ ಇಟ್ಟವನು.

ಗೂಡಿನಿಂದ ಹೊರಗೆ ಬಂದ ಹಂಪಣ್ಣ ಕೇಬಲ್ಲನ್ನು ಚೀಲದಲ್ಲಿ ಹಾಕಿಕೊಂಡು ಮತ್ತೆ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಹೋಗಬೇಕೋ ಬೇಡವೋ ತಿಳಿಯದಾಗಿತ್ತು. ಲಕ್ಷ್ಮಿದೇವಿಯವರೇ ತಲೆ ಎತ್ತಿ ನೋಡಿದರು.

"ಏನ್ ಹಂಪಣ್ಣ, ಕನ್ನಡಕ ಸರಿ ಕೂಡವಲ್ದೇನು?"

"ಕೂಡತೈತ್ರಿ ಮೇಡಂ. ಒಂದ ಮಾತು ಕೇಳ್ಬೇಕಿತ್ತು. ಮೇ ತಿಂಗಳಾಗ ಬ್ಯಾಟರಿ ಬದಲಿ ಮಾಡಿದ್ನಲ್ರೀ. ಅವತ್ತು ಟ್ರಯಲ್ ಮಾಡಿದ್ದೆನೇನ್ರಿ ನಾನು?"

"ಮಾಡದ ಬಿಡೋ ಮನುಷ್ಯಾನ ನೀವು? ನನ್ನ ಫೋನ್ ಬಂತು, ಎತ್ತಬ್ಯಾಡ್ರಿ ಅಂತ ಕೈ ಮಾಡಿದ್ರಿ. ಕಂಪ್ಯೂಟರ್ ಬಂದ್ ಆದ ಮ್ಯಾಲನ ಮಾತಾಡಿದ್ದು."

"ಮತ್ತ ಜೂನ್‌ದಾಗ ಕಂಪ್ಯೂಟರ್ ಕೆಟ್ಟಾಗ ಅದನ್ನ ಯಾಕ ಹೇಳಲಿಲ್ರೀ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೀವೇ ಮರ್ತೀನಿ ಅಂತ ಒಪ್ಕೊಂಡ್ರಲ್ಲ. ಟ್ರಯಲ್ ಆದ ಮ್ಯಾಲೆ ಯಾಕೋ ಕೇಬಲ್ ತೆಗೆದು, ಹಾಕೋದು ಮರ್ತಿರಬೇಕು ಅನ್ಕೊಂಡೆ. ಈಗ್ಯಾಕ ಆ ಮಾತು? ಆಗಿದ್ದು ಆತು, ಬಿಡ್ರಿ."

ಹಂಪಣ್ಣ ಕೈ ಮುಗಿದು ಹೊರಬಿದ್ದ.

ಜೂನ್ ಇಪ್ಪತ್ಮೂರು. ಆ ದಿನವನ್ನು ಅವನು ಮರೆಯುವಂತಿರಲಿಲ್ಲ. ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಗಿತ್ತು. ದವಾಖಾನೆಯವರು ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋಗಿದ್ದರು. ಬ್ಯಾಟರಿ ತೀರಿತು, ಕಂಪ್ಯೂಟರ್ ಒಮ್ಮೆಗೇ ಸತ್ತಿತು, ಡಿಸ್ಕ್ ಕೆಟ್ಟಿತು. ನಾಲ್ಕು ವರ್ಷದ ರೋಗಿಗಳ ವಿವರ ಹೋಯಿತು. ಮರುದಿನ ಆಪರೇಷನ್ ಆಗಬೇಕಿದ್ದ ಹದಿನಾಲ್ಕು ಜನರ ಕಣ್ಣಿನ ಅಳತೆಯೂ ಹೋಯಿತು. ಮುದಗಲ್ಲಿನಿಂದ, ಹಟ್ಟಿಯಿಂದ ಗಂಟು ಮೂಟೆ ಕಟ್ಟಿಕೊಂಡು ಬಂದವರನ್ನು ವಾಪಸ್ ಕಳಿಸಬೇಕಾಯಿತು. ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತು, "ಇನ್ನೊಮ್ಮಿ ಕರ್ಕೊಂಡು ಬರಾಕ ನನಗ ಯಾರದಾರಪಾ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಹಂಪಣ್ಣನನ್ನೂ ಕೇಳಿದ್ದಳು.

ಫೋನ್ ಬಂದಾಗ ಅವನು ಮಸ್ಕಿಯಲ್ಲಿ ಆಂಜನೇಯನನ್ನೂ ಹತ್ತಿಸಿಕೊಂಡು ಓಡಿ ಬಂದಿದ್ದ. ಕಣ್ಣು ಆಗಲೇ ಮಂಜಾಗಿತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದವನು ಆಂಜನೇಯ. ಹೊರಗೆ ಬಂದವನೇ ಡಾಕ್ಟರ ಮುಂದೆ ಕೈ ಜೋಡಿಸಿದ್ದ.

"ಸುದ್ದಿ ಕೇಬಲ್ ಹಾಕೇ ಇಲ್ರೀ ಮೇಡಂ. ಬ್ಯಾಟರಿ ಬದಲಿ ಮಾಡುವಾಗ ಉಸ್ತಾದರು ಮರ್ತಾರ. ಕಣ್ಣು ಮಂಜಾಗ್ಯಾವು, ವಯಸ್ಸೂ ಆತು. ಅವರ ಪರವಾಗಿ ನಾ ತಪ್ಪಾತು ಅಂತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವತ್ತು ಹಂಪಣ್ಣನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸಿತ್ತು. ಹೌದ್ರಿ, ಮರ್ತೀನಿ ಎಂದು ತಾನೂ ಒಪ್ಪಿಕೊಂಡಿದ್ದ. ಅಷ್ಟು ಅವಮಾನದ ನಡುವೆಯೂ, ನನ್ನ ಪರವಾಗಿ ಕೈ ಮುಗಿಯಲು ಒಬ್ಬನಾದರೂ ಇದ್ದಾನಲ್ಲ ಎಂದು ಹೃದಯ ತುಂಬಿತ್ತು. ದವಾಖಾನೆಗೆ ಹೊಸ ಯುಪಿಎಸ್ ಕೂರಿಸಿದವನು ಆಂಜನೇಯ. ಮುಂದೆ ಅಲ್ಲಿಯ ಕೆಲಸ ನೋಡಿಕೊಳ್ಳುವವನೂ ಅವನೇ ಎಂದಾಯಿತು. ಸುದ್ದಿ ಸಿಂಧನೂರಿಗೂ ಮುಟ್ಟಿತು. ಬೀಜದಂಗಡಿಯವರು, "ಸ್ವಲ್ಪ ದಿನ ವಿಶ್ರಾಂತಿ ತಗೋರಿ ಹಂಪಣ್ಣ" ಎಂದರು. ಅದರ ಅರ್ಥ ಯಾರಿಗೆ ತಿಳಿಯದು?

ಅಂದಿನಿಂದ ಹಂಪಣ್ಣ ತನ್ನ ಕೈಯನ್ನೇ ನಂಬದವನಾದ. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಹಿಂದಿರುಗಿ ಬಂದು ಎಳೆದು ನೋಡುತ್ತಿದ್ದ. ಗ್ಯಾಸ್ ಬಂದ್ ಮಾಡಿದ್ದೀಯಾ ಎಂದು ಹೆಂಡತಿ ಕಸ್ತೂರೆಮ್ಮನನ್ನು ಮೂರು ಮೂರು ಸಲ ಕೇಳಿ ಬೈಸಿಕೊಳ್ಳುತ್ತಿದ್ದ. ಕೊನೆಗೆ ಶ್ರಾವಣದಲ್ಲಿ ಒಂದು ಸೋಮವಾರ, ಗಿರಾಕಿಗಳ ವಹಿಯನ್ನು ಎಲೆ ಅಡಿಕೆಯ ಜೊತೆ ಇಟ್ಟು ಆಂಜನೇಯನ ಕೈಗೆ ಕೊಟ್ಟುಬಿಟ್ಟ. ಯಾರ ಮನೆಗೆ ಯಾವ ಬ್ಯಾಟರಿ, ಯಾವ ತಾರೀಖಿಗೆ ಏನು ಕೆಲಸ, ಇಪ್ಪತ್ತಾರು ವರ್ಷದ್ದೆಲ್ಲ ಅದರಲ್ಲಿತ್ತು. "ನನ್ನ ಕೈಲೆ ಇನ್ನೊಬ್ಬರಿಗೆ ಕೇಡು ಆಗೂದು ಬ್ಯಾಡಪಾ. ನೀ ನಡೆಸ್ಕೊಂಡು ಹೋಗು," ಎಂದಿದ್ದ. ಆಂಜನೇಯ ಕಣ್ಣಲ್ಲಿ ನೀರು ತಂದು ವಹಿ ತೆಗೆದುಕೊಂಡಿದ್ದ. ಪೊರೆ ಆಪರೇಷನ್‌ಗೆ ಅವನೇ ಕರೆದುಕೊಂಡು ಬಂದ. ರಸ್ತೆ ದಾಟುವಾಗ ಕೈ ಹಿಡಿದ. ಎಂಟು ದಿನ ಮಸ್ಕಿಯಿಂದ ಸಿಂಧನೂರಿಗೆ ಓಡಾಡಿ ಕಣ್ಣಿಗೆ ಹನಿ ಬಿಟ್ಟ.

ಆ ಹನಿಯ ನೆನಪಾಗಿ ಬಸ್ ನಿಲ್ದಾಣದಲ್ಲಿ ಹಂಪಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕಲ್ಲು ಬೆಂಚಿನ ಮೇಲೆ ಕೂತು ನೀರು ಕುಡಿದು, ಸಿಂಧನೂರು ಬಸ್ಸು ಹತ್ತಿದ. ಟಿಕೆಟ್ಟನ್ನು ಮಾತ್ರ ಮಸ್ಕಿಗೆ ತೆಗೆದ.

ಬಸ್ಸಿನಲ್ಲಿ ಅವನು ಆಂಜನೇಯನ ವಕೀಲನಾದ. ತಾರೀಖು ತಪ್ಪು ಬರೆದಿರಬಹುದು. ಹಳೇ ಯುಪಿಎಸ್ ತೆಗೆಯುವಾಗ ಪಟ್ಟಿ ಸುತ್ತಿರಬಹುದು. ಧೂಳು ಒರೆಸಲು ತೆಗೆದು ಹಾಕುವುದು ಮರೆತಿರಬಹುದು. ಆದರೆ ಒಂದೊಂದು ಮಾತೂ ಚೀಲದಲ್ಲಿದ್ದ ಆ ಪಟ್ಟಿಯ ಮುಂದೆ ನಿಲ್ಲುತ್ತಿರಲಿಲ್ಲ. ಧೂಳು ಒರೆಸಲು ತೆಗೆದವನು ಪಟ್ಟಿ ಸುತ್ತಿ ತಾರೀಖು ಹಾಕುತ್ತಾನೆಯೇ? ಮತ್ತೆ ಹಾಕಬಾರದೆಂದು ತೆಗೆದವನು ಮಾತ್ರ ಸುತ್ತುತ್ತಾನೆ. ಹಾಗೆಂದು ಕಲಿಸಿದವನು ತಾನೇ ಅಲ್ಲವೇ? ಮರೆತಿದ್ದೇ ಆಗಿದ್ದರೆ, "ನಾ ಮರ್ತೆ" ಎನ್ನಬಹುದಿತ್ತು. ಅವನು, "ಉಸ್ತಾದರು ಮರ್ತಾರ" ಎಂದಿದ್ದ.

ಸಂತೆಕಲ್ಲೂರು ಬಂತು. ಜೋಳದ ಚೀಲ ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಇದೇ ಊರಿನಲ್ಲಿ ಆಂಜನೇಯನ ತಾಯಿ ಕನಕಮ್ಮ, ಐಟಿಐ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಮಗನನ್ನು ಹಂಪಣ್ಣನ ಮುಂದೆ ನಿಲ್ಲಿಸಿ, "ನಿಮ್ಮ ಉಡಿಯಾಗ ಹಾಕೀನ್ರಿ ಅಣ್ಣಾರ" ಎಂದಿದ್ದಳು. ಇವತ್ತಿಗೂ ಸುಗ್ಗಿ ಮುಗಿದ ಮೇಲೆ ತೊಗರಿಬೇಳೆ ಕಳಿಸುವುದನ್ನು ತಪ್ಪಿಸಿದವಳಲ್ಲ. ಹಂಪಣ್ಣ ಕಿಟಕಿಯ ಕಡೆ ನೋಡಲಿಲ್ಲ.

ಮಸ್ಕಿಯಲ್ಲಿ ಆಂಜನೇಯನ ಅಂಗಡಿ ಬಸ್ ನಿಲ್ದಾಣದ ಎದುರಿಗೇ, ಮಕ್ತುಂಬೀಯ ಬಳೆ ಅಂಗಡಿಯ ಪಕ್ಕದಲ್ಲಿ. ಬೋರ್ಡಿನ ಮೂಲೆಯಲ್ಲಿ, 'ಹಂಪಣ್ಣ ಉಸ್ತಾದರ ಆಶೀರ್ವಾದ' ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದ. ಮೂರು ವರ್ಷದಿಂದ ಇದ್ದ ಬೋರ್ಡು. ಸಣ್ಣ ಅಕ್ಷರ ಇಷ್ಟು ನಿಚ್ಚಳವಾಗಿ ಇವತ್ತೇ ಕಂಡದ್ದು.

"ಬರ್ರಿ ಉಸ್ತಾದ!" ಆಂಜನೇಯ ಎದ್ದು ಬಂದ. "ಫೋನ್ ಮಾಡಿದ್ರ ನಾನ ಬರ್ತಿದ್ದೆನಲ್ರೀ. ಒಬ್ರ ಯಾಕ ಬಸ್ಸಿನ್ಯಾಗ ಅಡ್ಡಾಡ್ತೀರಿ?" ಬಗ್ಗಿ ಕಾಲು ಮುಟ್ಟಿದ. ಹಂಪಣ್ಣನ ಕೈ ರೂಢಿಯಂತೆ ಅವನ ತಲೆಯ ಕಡೆ ಹೋಯಿತು. ಅರ್ಧಕ್ಕೆ ನಿಂತಿತು.

"ಹೊಸ ಕನ್ನಡಕ! ಹೆಂಗ ಕಾಣ್ತಾವ್ರಿ ಈಗ?"

"ಚಲೋ ಕಾಣಾಕತ್ತಾವ. ವಹಿ ಕೊಡು ಒಂದೀಟು."

ಆಂಜನೇಯ ದುಡ್ಡಿನ ಗಲ್ಲೆಯ ಕೆಳಗಿಂದ ವಹಿ ತೆಗೆದುಕೊಟ್ಟ. ಹಂಪಣ್ಣ ಸ್ಟೂಲಿನ ಮೇಲೆ ಕೂತು ಜೂನಿನ ಪುಟ ತಿರುವಿದ. ಬಾಲವೆತ್ತಿದ ಅದೇ ಆರು, ಆಂಜನೇಯನ ಬರಹ. '೧೪-೬. ಲಿಂಗಸುಗೂರು ಕಣ್ಣಿನ ದವಾಖಾನೆ. ಬ್ಯಾಟರಿಗೆ ನೀರು ಹಾಕಿದೆ. ಎಲ್ಲಾ ಸರಿ ಇದೆ.' ನೆನಪಾಯಿತು. ಕಣ್ಣು ಕಾಣದೆಂದು ಅಂದು ತಾನೇ ಅವನನ್ನು ಲಿಂಗಸುಗೂರಿಗೆ ಕಳಿಸಿದ್ದ. ಸಂಜೆ ಬಂದು, ಹಂಪಣ್ಣನ ಮನೆಯ ಪಡಸಾಲೆಯಲ್ಲಿ ಕೂತು ಈ ಸಾಲು ಬರೆದಿದ್ದ. ಒಳಗೆ ಕಸ್ತೂರೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಉಂಡು ಹೋಗಿದ್ದ. ಎರಡು ರೊಟ್ಟಿ ಹೆಚ್ಚೇ ಉಂಡಿದ್ದ.

ಹಂಪಣ್ಣ ವಹಿ ಮುಚ್ಚಿದ. "ನಿನ್ನ ಈ ಕಂಪ್ಯೂಟರಿಗೆ ಕೇಬಲ್ ಹಾಕೀಯೇನು?"

"ಹಾಕದ ಇರ್ತೀನೇನ್ರಿ? ನಾ ಯಾರ ಶಿಷ್ಯ!"

"ಹಂಗಾರ ಟ್ರಯಲ್ ನೋಡೂಣು. ಪಿನ್ ತೆಗಿ."

ಆಂಜನೇಯ ನಗುತ್ತಲೇ ಗೋಡೆಯ ಪಿನ್ ಕಿತ್ತ. ಯುಪಿಎಸ್ ಕೂಗತೊಡಗಿತು. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರ ಬಂತು, ಮೂರು ನಿಮಿಷದಲ್ಲಿ ಬಂದ್ ಆಗುವುದಾಗಿ ಬರಹ ಬಂತು. ಆಗ ಹಂಪಣ್ಣ ಚೀಲಕ್ಕೆ ಕೈ ಹಾಕಿ, ಬೂದು ಬಣ್ಣದ ಕೇಬಲ್ ತೆಗೆದು, ಬಿಳಿ ಪಟ್ಟಿ ಅವನ ಕಡೆ ಬರುವಂತೆ ಮೇಜಿನ ಮೇಲಿಟ್ಟ.

ನಗು ಆಂಜನೇಯನ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಯಾರೋ ತೆಗೆಯುವುದನ್ನು ಮರೆತಂತೆ. ಆಮೇಲೆ ಹೋಯಿತು.

"ಉಸ್ತಾದ, ಅದು..."

ಹಂಪಣ್ಣ ತುಟಿಯ ಮೇಲೆ ಬೆರಳಿಟ್ಟ.

ಮೂರು ನಿಮಿಷ ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಹೊರಗೆ ಬಸ್ಸೊಂದು ಬಂದು ನಿಂತು, ಕಂಡಕ್ಟರ್ ಸಿಂಧನೂರು ಸಿಂಧನೂರು ಎಂದು ಕೂಗಿ, ಹೋಯಿತು. ಬೆರಳಿಟ್ಟವನು ತಾನೇ ಆದರೂ, ಇವನು ಈಗ ನಿಯಮ ಮುರಿಯಲಿ, ಕಾಲು ಹಿಡಿದುಕೊಳ್ಳಲಿ, ನಾ ತಪ್ಪು ಮಾಡಿದೆ ಎಂದು ಒದರಿಬಿಡಲಿ ಎಂದು ಹಂಪಣ್ಣನ ಜೀವ ಬಡಿದುಕೊಂಡಿತು. ಅಂದುಬಿಟ್ಟರೆ ಕ್ಷಮಿಸಿಯೂ ಬಿಡುತ್ತಿದ್ದನೇನೋ. ಆಂಜನೇಯ ಬಾಯಿ ಬಿಚ್ಚಲಿಲ್ಲ. ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದ.

ತೆರೆದಿದ್ದ ಕಡತಗಳು ಒಂದೊಂದಾಗಿ ಮುಚ್ಚಿಕೊಂಡವು. ಪರದೆ ಕಪ್ಪಾಯಿತು.

"ಪಾಸ್," ಎಂದ ಹಂಪಣ್ಣ. "ಈಗ ಮಾತಾಡು."

ಆಂಜನೇಯ ನೆಲ ನೋಡಿದ. "ಅಂಗಡಿ ಹಾಕಿ ಮೂರು ವರ್ಷ ಆತ್ರಿ. ಎಲ್ಲಿ ಹೋದ್ರೂ ಹಂಪಣ್ಣನ ಆಳು ಬಂದಾನ ಅಂತಾರ. ನಿಮಗ ಕಣ್ಣು ಕಾಣಂಗಿಲ್ಲ, ಆದ್ರೂ ನಿಮ್ಮನ್ನ ಕರೀತಾರ." ಮೇಜಿನ ಮೇಲಿನ ಕೇಬಲ್ಲನ್ನು ಬೆರಳಿನಿಂದ ಸರಿಸಿದ. "ಅಷ್ಟು ಹಾಳಾಗತೈತಿ ಅಂತ ತಿಳಿದಿರಲಿಲ್ರೀ. ಒಮ್ಮಿ ಕರೆಂಟ್ ಹೋಗಿ ಕಂಪ್ಯೂಟರ್ ದಪ್ಪನ ಬಂದ್ ಆದ್ರ ಸಾಕು, ನನ್ನ ಕರೀತಾರ ಅನ್ಕೊಂಡಿದ್ದೆ."

"ದವಾಖಾನಿ ಬೇಕು ಅಂದಿದ್ರ ಕೊಡ್ತಿದ್ದೆನಲ್ಲೋ. ವಹಿನ ಕೊಟ್ಟವನು, ಅದನ್ನ ಕೊಡ್ತಿದ್ದಿಲ್ಲೇನು?" ಹಂಪಣ್ಣನ ದನಿ ಏರಲಿಲ್ಲ, ಒಡೆಯಿತು. "ಕಣ್ಣು ಹೋಗ್ಯಾವ ಅಂದಿ. ಹೋಗಿದ್ವು, ಖರೇ ಮಾತು. ಆದ್ರ ಕೈ ಮರ್ತಾವ ಅಂದಿ. ಮೂರು ತಿಂಗಳಾತು ಆಂಜನೇಯ, ನಾ ನನ್ನ ಕೈ ನಂಬಿಲ್ಲ. ಹಾಕಿದ ಬೀಗ ತಿರುಗಿ ಬಂದು ಎಳೆದು ನೋಡೀನಿ. ತಲಿ ಕೆಟ್ಟೈತಿ ಅಂತ ನಾನ ತಿಳ್ಕೊಂಡಿದ್ದೆ. ಅದನ್ನ ನೋಡ್ಕೋತ ನನ್ನ ಕಣ್ಣಿಗೆ ಹನಿ ಬಿಟ್ಟೀಯಲ್ಲ, ಹೆಂಗ ಬಿಟ್ಟಿ?"

ಆಂಜನೇಯ ಕಪ್ಪಾದ ಪರದೆಯ ಕಡೆ ತಿರುಗಿದ.

"ನಾಳೆ ಲಿಂಗಸ್ಗೂರಿಗೆ ಹೋಗಿ ಡಾಕ್ಟರ್ ಮುಂದ ನೀ ಹೇಳ್ತೀಯೋ, ನಾ ಹೇಳ್ಲೋ?"

ಹಂಪಣ್ಣ ಕಾದ. ಯುಪಿಎಸ್ ನಾಲ್ಕು ಎಣಿಸುವಷ್ಟಕ್ಕೊಮ್ಮೆ ಕೂಗುತ್ತಲೇ ಇತ್ತು. ಕೊನೆಗೆ ಎದ್ದು, ವಹಿಯನ್ನು ಕಂಕುಳಲ್ಲಿ ಇಟ್ಟುಕೊಂಡ. ಆಂಜನೇಯ ಕೇಬಲ್ಲನ್ನು ಎತ್ತಿ ಅವನ ಕಡೆ ಚಾಚಿದ.

"ಇರ್ಲಿ," ಎಂದ ಹಂಪಣ್ಣ. "ತಾರೀಖು ನಿಂದೈತಿ."

ರಸ್ತೆ ದಾಟಲು ಅಂಚಿನಲ್ಲಿ ನಿಂತ. ಕೈ ಹಿಡಿಯಲು ಯಾರೂ ಇರಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಭತ್ತದ ಲಾರಿಯ ಹಿಂದಿನ ನಂಬರ್ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ದಾಟಿ ಹೋಗಿ ನಿಲ್ದಾಣದ ನೆರಳಲ್ಲಿ ನಿಂತಾಗಲೂ, ಲಾರಿಗಳ ಸದ್ದಿನ ನಡುವೆ, ಎದುರಿನ ಅಂಗಡಿಯಿಂದ ಯುಪಿಎಸ್ಸಿನ ಕೂಗು ಕೇಳುತ್ತಿತ್ತು.

"ಆಂಜನೇಯಾ," ಬಳೆ ಅಂಗಡಿಯಿಂದ ಮಕ್ತುಂಬೀ ಒದರಿದಳು. "ಕರೆಂಟ್ ಐತಲ್ಲಪಾ, ನಿಂದ್ಯಾಕ ಒದರಾಕತ್ತೈತಿ? ಪಿನ್ ಹಾಕಬಾರ್ದ?"

ಯಾರೂ ಪಿನ್ ಹಾಕಲಿಲ್ಲ. ಸಿಂಧನೂರು ಬಸ್ಸು ಬಂತು. ಹಂಪಣ್ಣ ಹತ್ತಿ, ಕಿಟಕಿಯ ಪಕ್ಕ ಕೂತು, ವಹಿಯನ್ನು ತೊಡೆಯ ಮೇಲಿಟ್ಟುಕೊಂಡ. ಬಸ್ಸು ಹೊರಟಾಗಲೂ ಅದು ಕೂಗುತ್ತಲೇ ಇತ್ತು.